ಕಂದು ಹ್ಯಾರಿಯರ್: ಪ್ಯಾಲಿಡ್ಡೋ, ಮಾಂಟೆಗ್ಯುವೋ?

ಪ್ರಶ್ನೆ:
ಕಲಬುರಗಿಯಿಂದ ಆಳಂದದ ಕಡೆಗೆ ಹೋಗುವ ದಾರಿಯಲ್ಲಿ, ಬಿಳಿಜೋಳ ಕೊಯ್ದ ಎರೆ ಹೊಲದ ಮೇಲೆ ಮೂರು ದಿನದಿಂದ ಒಂದು ಕಂದು ಹ್ಯಾರಿಯರ್ (ಬಯಲಿನ ಮೇಲೆ ತಗ್ಗಾಗಿ ಹಾರುವ ಬೇಟೆಹಕ್ಕಿ) ಹಾರುತ್ತಿದೆ. ಸೊಂಟದ ಮೇಲೆ ಅಚ್ಚ ಬಿಳಿ ಮಚ್ಚೆ ಇರುವುದರಿಂದ ಪ್ಯಾಲಿಡ್ ಎಂಬ ಜಾತಿಯೆಂದು ಬರೆದುಕೊಂಡೆ. ಗೆಳೆಯರು ಅದನ್ನೇ ಹೋಲುವ ಮಾಂಟೆಗ್ಯು ಜಾತಿ ಎನ್ನುತ್ತಾರೆ. ತೆಗೆದ ನಲವತ್ತು ಚಿತ್ರಗಳಲ್ಲೂ ರೆಕ್ಕೆಯ ಅಡಿಭಾಗ ಬರೀ ಕಪ್ಪು. ಯುಗಾದಿ ಹತ್ತಿರ ಬಂತು, ಹಕ್ಕಿ ಹೊರಟುಬಿಟ್ಟರೆ ಮುಂದಿನ ಚಳಿಗಾಲದವರೆಗೆ ಕಾಯಬೇಕು. ಏನನ್ನು ನೋಡಲಿ?

ಉತ್ತರ:
ಸರ್, ಆ ಬಿಳಿ ಮಚ್ಚೆಯನ್ನು ಮರೆತುಬಿಡಿ. ಎರಡೂ ಜಾತಿಯ ಹೆಣ್ಣುಗಳಿಗೂ ಎಳೆಯ ಹಕ್ಕಿಗಳಿಗೂ ಅದು ಇದ್ದೇ ಇರುತ್ತದೆ. ನಾನೂ ಎರಡು ಚಳಿಗಾಲ ಅದನ್ನೇ ನಂಬಿ ತಪ್ಪು ಬರೆದಿದ್ದೇನೆ.

ಮುಖ ನೋಡಿ. ಪ್ಯಾಲಿಡ್ ಆದರೆ ಕೆನ್ನೆಯ ಕಡುಕಂದು ಮಚ್ಚೆಯ ಹಿಂದೆ ಮಾಸಲು ಬಿಳಿಯ ಪಟ್ಟಿಯೊಂದು ಕೊರಳನ್ನು ಬಳಸಿರುತ್ತದೆ, ಅದರ ಹಿಂದೆ ಕುತ್ತಿಗೆ ಮತ್ತೆ ಕಡುಕಂದು. ಮಾಂಟೆಗ್ಯುವಿಗೆ ಈ ಪಟ್ಟಿ ಇರುವುದಿಲ್ಲ. ಕಣ್ಣಿನ ಸುತ್ತ ಬಿಳಿ ಹೆಚ್ಚು, ಕೆನ್ನೆಯ ಮಚ್ಚೆ ಚಿಕ್ಕದು. ಆಮೇಲೆ ರೆಕ್ಕೆಯ ಅಡಿ: ಮೈಗೆ ಹತ್ತಿರದ ಹಿಂಗರಿಗಳು (ರೆಕ್ಕೆಯ ಹಿಂಭಾಗದ ಅಂಚಿನ ಗರಿಗಳು) ಪ್ಯಾಲಿಡ್ ಹೆಣ್ಣಿಗೆ ಮಬ್ಬುಗಪ್ಪು, ಮಾಂಟೆಗ್ಯು ಹೆಣ್ಣಿಗೆ ತಿಳಿ ಬಣ್ಣದ ಮೇಲೆ ಎದ್ದು ಕಾಣುವ ಕಪ್ಪು ಪಟ್ಟೆಗಳು.

ಚಿತ್ರ ಕಪ್ಪಾಗಲು ಬೆಳಗಿದ ಆಕಾಶವೇ ಕಾರಣ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಪ್ಲಸ್ 1ಕ್ಕೆ ಏರಿಸಿ. ಹಕ್ಕಿ ಎರೆ ನೆಲಕ್ಕೆ ತಗ್ಗಿ ಹಾರುವಾಗ ಮರೆಯದೆ ಇಳಿಸಿ, ಇಲ್ಲದಿದ್ದರೆ ಕೊರಳ ಪಟ್ಟಿಯೇ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ಎಂಟು ಗಂಟೆಯೊಳಗೆ ಹೋಗಿ. ಬಿಸಿಲೇರಿದ ಮೇಲೆ ಎರೆಯಿಂದ ಏಳುವ ಕಾವಿನಲ್ಲಿ ಎಂಥ ಲೆನ್ಸ್ ಇದ್ದರೂ ಗರಿ ಕಲಕಿದಂತೆ ಬರುತ್ತದೆ.

ಒಂದು ಕಳಕಳಿಯ ಮಾತು. ಇವು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತವೆ. ಸಂಜೆ ಹಿಂಬಾಲಿಸಿ ಅಲ್ಲಿಗೆ ಹೋಗಬೇಡಿ. ಕಝಾಕಸ್ತಾನ, ರಷ್ಯಾಗಳ ಬಯಲುಗಳವರೆಗೆ ಹಾರಬೇಕಾದ ಹಕ್ಕಿಗಳು ಅವು.

ಪ್ರಶ್ನೆ ಕೇಳಿದವರು:
ಇಂದು ಏಳೂವರೆಗೆ ಹೊಲದ ಬದುವಿನ ಬೇವಿನ ಕೆಳಗೆ ಕುಳಿತಿದ್ದೆ. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಕೂಳೆಯ ಮೇಲೆಯೇ ತೇಲುತ್ತ ಬಂದು ನನ್ನೆದುರು ವಾಲಿತು. ಎಳೆ ಬಿಸಿಲು ರೆಕ್ಕೆಯ ಅಡಿಗೆ ಬಿತ್ತು. ಹಿಂಗರಿಗಳು ಮಬ್ಬುಗಪ್ಪು, ಕೊರಳಲ್ಲಿ ಪಟ್ಟಿ ಸ್ಪಷ್ಟ. ಮೂರು ಚಿತ್ರ ಹಾಕಿದ್ದೇನೆ.

ಉತ್ತರ:
ಪ್ಯಾಲಿಡ್ ಹೆಣ್ಣು, ಸಂಶಯವಿಲ್ಲ. ನೀವು ಬರೆದ ಹೆಸರು ಸರಿಯಾಗಿಯೇ ಇತ್ತು, ಕಾರಣವನ್ನಷ್ಟೇ ತಿದ್ದಿಕೊಳ್ಳಿ. ಹೊರಡುವವರೆಗೂ ದಿನಾಂಕ ಬರೆಯುತ್ತಿರಿ. ಕೊನೆಯ ಸಲ ಕಂಡ ದಿನ ನನಗೂ ಬೇಕು.