ಏರ್ ರೈಫಲ್ ಸಿಲಿಂಡರಿಗೆ ಗಾಳಿ: ಕೈಪಂಪೋ, ಕಂಪ್ರೆಸರೋ, ಸ್ಕೂಬಾ ಸಿಲಿಂಡರೋ?

ಹಾವೇರಿ_ಅಪ್ಪ:

ಎಲ್ಲಾರಿಗೂ ನಮಸ್ಕಾರ್ರಿ. ನಾ ಹಾವೇರಿಯಾಂವ, ಬೀಜ-ಗೊಬ್ಬರದ ಅಂಗಡಿ ಐತಿ. ಮಗಳು ಹತ್ತನೇತ್ತಾ. ಎರಡು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೀತಾಳ. ಶನಿವಾರ-ರವಿವಾರ ಹುಬ್ಬಳ್ಳಿಗೆ ಕರಕೊಂಡು ಹೋಗಿ ಬರೂದು ನನ್ನ ಪಾಳಿ. ಇಲ್ಲೀತನಕಾ ಕ್ಲಬ್ಬಿನ ರೈಫಲ್ಲ ನಡದಿತ್ತು. ಹೋದ ತಿಂಗಳ ಒಬ್ಬ ಸೀನಿಯರ್ ಹುಡುಗನ ಕಡಿಂದ ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ತಗೊಂಡ್ವಿ, ಜೊತಿಗೆ ಗುಂಡು ತಳ್ಳೂ ಗಾಳಿ ತುಂಬೂ ಎರಡು ಸಿಲಿಂಡರ್ ಬಂದಾವು. 200 ಬಾರ್ (ಒತ್ತಡದ ಅಳತಿ) ತುಂಬೂವು. ಅಂಗಡಿ ಗೋದಾಮಿನ ಮಾಳಿಗಿ ಉದ್ದಕ್ಕ ಐತಿ, ಅಲ್ಲೇ ಗುರಿ ಕಟ್ಟಿ ವಾರದಾಗ ಮೂರು ದಿನ ಮನಿಯಾಗ ಹೊಡೀಲಿ ಅಂತ.

ಈಗ ಬಂದದ್ದು ಗಾಳಿ ಪಂಚಾಯ್ತಿ. ಕ್ಲಬ್ಬಿನ್ಯಾಗ ಅವರ ತುಂಬಿ ಕೊಡ್ತಿದ್ರು. ಮನಿಯಾಗ ಹೆಂಗ? ಒಬ್ರು ಮೂರು ಹಂತದ ಕೈಪಂಪು ತಗೋ ಅಂತಾರ, ಹನ್ನೆರಡು ಸಾವಿರ ಹೇಳ್ಯಾರ. ಇನ್ನೊಬ್ರು ಕರೆಂಟಿನ ಕಂಪ್ರೆಸರ್, ಮೂವತ್ತರ ಮ್ಯಾಲೆ. ಮತ್ತೊಬ್ರು ಸಮುದ್ರದಾಗ ಮುಳುಗೋರ ಸಿಲಿಂಡರ್ ತಂದಿಡು, ಹತ್ತು ಸೆಕೆಂಡಿನ ಕೆಲಸ ಅಂತಾರ. ಮೂರೂ ಮಂದಿ ತಂತಮ್ಮದ ಖರೇ ಅಂತಾರ. ರೊಕ್ಕ ಹೋದ್ರ ಹೋಗ್ಲಿ, ಎರಡು ಸಲ ಹೋಗಬಾರ್ದು. ಅನುಭವ ಇದ್ದೋರು ಹೇಳ್ರಿ.

ಹಳೇಹುಬ್ಬಳ್ಳಿ_ಹುಡುಗ:

ಅಣ್ಣಾ, ಪಂಕ್ಚರ್ ಅಂಗಡ್ಯಾಗ ತುಂಬಸಿದ್ರ ಆಗೂದಿಲ್ಲೇನು? ನಮ್ಮ ಓಣ್ಯಾಗ ಲಾರಿಗೆಲ್ಲಾ ಹಾಕ್ತಾರ. ಇಪ್ಪತ್ತು ರೂಪಾಯಿ 😀

ವರ್ಕ್‌ಶಾಪ್_ಕಾಕಾ:

ಮೊದಲ ಪಂಕ್ಚರ್ ತಮ್ಮಗ ಹೇಳಿಬಿಡ್ತೀನಿ. ಲಾರಿ ಟೈರಿಗೆ ಹಾಕೂದು 100-120 ಪಿಎಸ್ಐ, ಅಂದ್ರ 8 ಬಾರ್ ಸುತ್ತಮುತ್ತ. ಈ ಹುಡುಗಿಗೆ ಬೇಕಾದದ್ದು 200 ಬಾರ್, ಅಂದ್ರ 2900 ಪಿಎಸ್ಐ. ನಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಏರ್ ಬ್ರೇಕ್ ಬಿಚ್ಚಿ ಜೋಡಿಸಿ ರಿಟೈರ್ ಆದಾಂವ. ಇಡೀ ಗಾಡಿ ನಿಲ್ಲಸೂ ಬ್ರೇಕ್ ಪೈಪಿನ್ಯಾಗ ಇರೂದು 5 ಕೆಜಿ ಒತ್ತಡ, ಅಂದ್ರ ಸುಮಾರು 5 ಬಾರ್, ಫೀಡ್ ಪೈಪಿನ್ಯಾಗ 6. ಒಂದು ಮೊಳ ಇಲ್ಲದ ಈ ಸಿಲಿಂಡರಿನ್ಯಾಗ ಅದರ ನಲವತ್ತು ಪಟ್ಟು ಕೂತಿರ್ತೈತಿ. ಆಟಿಗಿ ಸಾಮಾನು ಅಲ್ಲ ಅದು.

ಹಾವೇರಿ ಅಣ್ಣಾರ, ನನ್ನ ಮೊಮ್ಮಗನೂ ಇದ ಆಟ ಆಡ್ತಾನ. ನಾಲ್ಕು ವರ್ಷದಿಂದ ಅವಗ ಗಾಳಿ ಹೊಡಿಯೂ ಕೂಲಿ ನಂದು. ಪಂಪು ತಗೊಳ್ಳೂಕಿಂತ ಮೊದಲ ಒಂದು ಕೆಲಸ ಮಾಡ್ರಿ. ಎರಡೂ ಸಿಲಿಂಡರ್ ಬೆಳಕಿಗೆ ಹಿಡದು ತಯಾರಾದ ತಾರೀಖು ಓದ್ರಿ, ಮೈಮ್ಯಾಲೆ ಕೆತ್ತಿರ್ತಾರ. ಈ ಮ್ಯಾಚ್ ಸಿಲಿಂಡರಿಗೆ ಕಂಪನಿಯವ್ರು ಕೊಡೂ ಆಯುಷ್ಯ 10 ವರ್ಷ. ಮುಂದ ದೊಡ್ಡ ಸ್ಪರ್ಧಾಕ್ಕ ಹೋದಾಗ ತಾರೀಖು ಮೀರಿರಬಾರ್ದು ಅನ್ನೂ ಜವಾಬ್ದಾರಿ ಹೊಡಿಯೋರ ಮ್ಯಾಲೇ ಇರ್ತೈತಿ, ಅಂತರರಾಷ್ಟ್ರೀಯ ನಿಯಮದಾಗೂ ಹಂಗ ಐತಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬ್ಯಾರಲ್ಲಿನ್ಯಾಗ ಇಣಿಕಿ ನೋಡ್ತಾರ, ಸಿಲಿಂಡರಿನ ತಾರೀಖು ನೋಡಂಗಿಲ್ಲ.

ಈಗ ಪಂಪು. ಮೂರು ಹಂತ ಅಂದ್ರ ಏನು? ಹೊರಗಿನ ಗಾಳಿ ಮೊದಲ ದಪ್ಪ ಕೊಳವ್ಯಾಗ ಒತ್ತತೈತಿ, ಅಲ್ಲಿಂದ ಸಣ್ಣದಕ್ಕ, ಅಲ್ಲಿಂದ ಪೆನ್ಸಿಲ್ಲಿನಂಥಾ ಕೊಳವಿಗೆ. ಲೆಕ್ಕಕ್ಕ ಪ್ರತಿ ಹಂತದಾಗ ಆರು ಪಟ್ಟು ಅಂತ ಹಿಡೀರಿ, ಆರಾರ್ಲಿ ಮೂವತ್ತಾರು, ಮತ್ತ ಆರ್ಲಿ 216. ಅದಕ್ಕ ಮನಷ್ಯಾನ ಮೈಭಾರದಾಗ 200 ಬಾರ್ ಮುಟ್ಟತೈತಿ. ಆದ್ರ ಯಾರ ಮೈಭಾರ? ಅದ ಪ್ರಶ್ನಿ. 150 ತನಕಾ ಯಾರರ ಒತ್ತತಾರ. ಕಡೀ 50 ಬಾರಿಗೆ ತೋಳಿನ್ಯಾಗಿನ ಶಕ್ತಿ ಕೆಲಸ ಮಾಡಂಗಿಲ್ಲ, ಮೊಣಕೈ ಸೆಟದು ನಿಂತು ಹೊಟ್ಟಿ ಭಾರ ಹ್ಯಾಂಡಲ್ ಮ್ಯಾಲೆ ಬಿಡಬೇಕು. ನಿಮ್ಮ ಮಗಳು ನಲವತ್ತು-ನಲವತ್ತೈದು ಕೆಜಿ ಇರಬೇಕು. ಅಕಿ ಕೈಲೆ ಆಗೂದಿಲ್ಲ. ಆದೀತು ಅಂದ್ರೂ ಅಕಿಗೆ ಹಚ್ಚಬ್ಯಾಡ್ರಿ, ಭುಜ ನಡಗೂ ಕೈಲೆ ಅರ್ಧ ಮಿಲಿಮೀಟರಿನ ಹತ್ತು ಅಂಕದ ಚುಕ್ಕಿಗೆ ಗುರಿ ಹಿಡಿಯೂದು ಹೆಂಗ? ಅಪ್ಪಗೋಳು ಇರೂದ್ಯಾಕ.

ನಮ್ಮ ಸಿಲಿಂಡರ್ ಸುಮಾರು ಕಾಲು ಲೀಟರಿಗೆ ಒಂಚೂರು ಕಡಿಮಿ. 100 ಬಾರಿನಿಂದ 200ಕ್ಕ ಏರಸಾಕ ನನಗ 120-130 ಒತ್ತು ಬೇಕು. ಒಂದ ಉಸರಿಗೆ ಹೊಡೀಬ್ಯಾಡ್ರಿ. ಐವತ್ತು ಒತ್ತಿ, ಪಂಪಿನ ಬುಡಕ್ಕ ಕೈ ಹಚ್ಚಿ ನೋಡ್ರಿ, ಚಾದ ಲೋಟದಂಗ ಸುಡ್ತಿರ್ತೈತಿ. ಬಿಸಿಯಾದ್ರ ಒಳಗಿನ ರಬ್ಬರ್ ಸೀಲ್ ಸಾಯ್ತಾವು. ಹತ್ತು ನಿಮಿಷ ಬಿಟ್ಟು ಮತ್ತ ಐವತ್ತು. ಬಿಸಿದು ಇನ್ನೊಂದು ಮೋಸ ಐತಿ. ಮೀಟರ್ 200 ತೋರಸ್ತು ಅಂತ ಖುಷಿಪಟ್ಟು ಬಿಚ್ಚಿದ್ರ, ಗಾಳಿ 20 ಡಿಗ್ರಿ ತಣ್ಣಗಾಗೂದ್ರಾಗ 187ಕ್ಕ ಬಂದು ನಿಲ್ಲತೈತಿ. ಸೋರೇತಿ ಅಂತ ಎಷ್ಟೋ ಮಂದಿ ಓ-ರಿಂಗ್ (ಜೋಡಿನ ರಬ್ಬರ್ ಬಳಿ) ಬದಲಿ ಮಾಡ್ಯಾರ. ಸೋರಿರೂದ ಇಲ್ಲ.

ಇನ್ನ ನೀರು. ಇದರ ಮ್ಯಾಲೆ ನನಗ ಸ್ವಲ್ಪ ಹುಚ್ಚು ಅಂತ ನಮ್ಮ ಮನಿಯಾಗ ಅಂತಾರ, ಅನ್ಲಿ. ಬ್ರೇಕಿನ ಗಾಳಿ ಟ್ಯಾಂಕಿನ ಬುಡದ ನಳ ತಗದಾಗ ಬರೂ ಕೆಂಪು ನೀರು ಕಂಡಾಂವ ಗಾಳಿನ ಗಾಳಿ ಅಂತ ನಂಬಂಗಿಲ್ಲ. ಶ್ರಾವಣದಾಗ ಹುಬ್ಬಳ್ಳಿ ಗಾಳಿ ಹಿಂಡಿದ್ರ ನೀರು ಬರ್ತೈತಿ, ಇದು ಮಾತಿಗೆ ಹೇಳೂದಲ್ಲ. ಸಿಲಿಂಡರಿಗೆ ನೂರು ಬಾರ್ ಹಾಕಾಕ ಹೊರಗಿನ ಗಾಳಿ ಸುಮಾರು 20 ಲೀಟರ್ ಹೋಗ್ತೈತಿ. 28 ಡಿಗ್ರಿ, ಮಳಿ ಹಿಡದ ದಿನ ಅಂದ್ರ ಆ 20 ಲೀಟರಿನ್ಯಾಗ ಅರ್ಧ ಗ್ರಾಮಿಗೆ ಒಂಚೂರು ಕಡಿಮಿ ನೀರಿನ ಆವಿ, ಏಳೆಂಟು ಹನಿ. ಒತ್ತಿದಾಗ ಅದರಾಗಿನ ಹೆಚ್ಚಿಂದೆಲ್ಲಾ ನೀರಾಗಿ ಇಳೀತೈತಿ. ದಿನಾ ಏಳೆಂಟು ಹನಿ ರೈಫಲ್ಲಿನ ರೆಗ್ಯುಲೇಟರಿನ್ಯಾಗ (ಪ್ರತಿ ಗುಂಡಿಗೆ ಒತ್ತಡ ಸಮ ಇಡೂ ಭಾಗ) ಹೋದ್ರ ಮುಂದ ಗುಂಡಿನ ವೇಗ ಒಂದಕ್ಕೊಂದು ತಾಳ ತಪ್ಪತೈತಿ. ಹುಡುಗಿ ತನ್ನದ ತಪ್ಪು ಅಂತ ಅಳ್ತಾಳ.

ಅದಕ್ಕ ಪಂಪು ಯಾವದ ಇರ್ಲಿ, ಗಾಳಿ ಎಳಕೊಳ್ಳೂ ಬಾಯಿಗೆ ಸಿಲಿಕಾ ಜೆಲ್ ನಳಿಗಿ ಹಚ್ಚೂವಂಥಾದ್ದ ತಗೋರಿ. ನಮ್ಮದರಾಗ ನೀಲಿ ಕಾಳು ಅದಾವು, ನೀರು ಕುಡದ್ರ ಗುಲಾಬಿ ಆಗ್ತಾವು. ಹಳೇ ಹಂಚಿನ ಮ್ಯಾಲೆ ಸಣ್ಣ ಉರಿಗೆ ಹುರದ್ರ ಮತ್ತ ನೀಲಿ. ಹಂಚು ಬ್ಯಾರೇನ ಇಡ್ರಿ, ರೊಟ್ಟಿ ಹಂಚು ಮುಟ್ಟಬ್ಯಾಡ್ರಿ. ನಾ ಮುಟ್ಟಿ ಎರಡು ದಿನ ಮಾತು ಕೇಳೀನಿ.

ನನ್ನ ಮೊದಲನೇ ಪಂಪು ನಾನ ಹಾಳು ಮಾಡಿದ್ದು. ಸರಾಗ ನಡೀಲಿ ಅಂತ ಹೊಲಿಗಿ ಮಶೀನಿನ ಎಣ್ಣಿ ನಾಲ್ಕು ಹನಿ ಬಿಟ್ಟೆ. ನಲವತ್ತು ವರ್ಷ ಎಣ್ಣಿ ಕೈಯಾಂವ, ಬುದ್ಧಿ ಎಲ್ಲಿ ಹೋಗಿತ್ತೋ! ವಾರದಾಗ ಸೀಲ್ ಉಬ್ಬಿ ಹ್ಯಾಂಡಲ್ ಅರ್ಧಕ್ಕ ಸಿಕ್ಕೊಂಡು ನಿಂತ್ತು. ಅದು ಪುಣ್ಯಾ ಅನ್ನಬೇಕು, ಯಾಕಂದ್ರ ಇಷ್ಟು ಒತ್ತಡದ ಬಿಸಿ ಗಾಳ್ಯಾಗ ಮಾಮೂಲಿ ಎಣ್ಣಿ ಡೀಸೆಲ್ ಇಂಜಿನ್ನಿನಂಗ ಹೊತ್ತೂ ಬಹುದು. ಸಿಲಿಕೋನ್ ಗ್ರೀಸ್ ಅಷ್ಟ, ಅದೂ ಬೆರಳ ತುದಿಗೆ ಹತ್ತಿದಷ್ಟು.

ನನ್ನ ಮತ ಕೈಪಂಪು. ಆದ್ರ ಮಗಳು ದಿನಕ್ಕ ಎಷ್ಟು ಹೊಡೀತಾಳ, ಎಷ್ಟು ಬಾರ್ ಇಳೀತೈತಿ, ಬರದು ಹೇಳ್ರಿ. ಅದಿಲ್ದ ಹೇಳಿದ್ದು ಕಟ್ಟಿ ಮ್ಯಾಲಿನ ಮಾತು.

ಬೆಟಗೇರಿ_ಮಗ್ಗ:

ಕಂಪ್ರೆಸರ್ ಇಟ್ಟಾಂವ ನಾನು, ಅದರ ಪರವಾಗಿ ಯಾರರ ಮಾತಾಡಬೇಕಲ್ಲ. ಗದಗಿನ್ಯಾಗ ಐದು ಮಕ್ಕಳ ಅಪ್ಪಂದಿರು ಕೂಡಿ ತಗೊಂಡೀವಿ. 1.8 ಕಿಲೋವ್ಯಾಟ್, ನೀರಿನಿಂದ ತಣ್ಣಗ ಮಾಡೂದು. ಬಕೆಟ್ಟಿನ್ಯಾಗ ಸಣ್ಣ ಪಂಪು ಬಿಟ್ಟು ನೀರು ತಿರಗಸಬೇಕು, ಇಲ್ಲಂದ್ರ ಐದು ನಿಮಿಷದಾಗ ಮಶೀನಿನ ತಲಿ ಸುಡ್ತೈತಿ. ಸಿಲಿಂಡರ್ ಒಂದಕ್ಕ ಎರಡು-ಮೂರು ನಿಮಿಷ ಸಾಕು, ಅದ್ರಾಗ ಅದರ ಸಮ ಇಲ್ಲ.

ಆದ್ರ ಆ ಎರಡು ನಿಮಿಷದ ಹಿಂದ ಅರ್ಧ ತಾಸಿನ ಸೇವಾ ಐತ್ರಿ. ಎಣ್ಣಿ ನೋಡು, ಬಕೆಟ್ ತುಂಬು, 15 ಆಂಪಿಯರ್ ಪ್ಲಗ್ಗಿಗೆ ಹಚ್ಚು, ನಡುನಡುವ ಡ್ರೇನ್ ತಗದು ನೀರು-ಎಣ್ಣಿ ಕೂಡಿದ ಹಾಲಿನಂಥಾ ರಸ ಬಿಡು. ಇನ್ವರ್ಟರ್ ಮ್ಯಾಲೆ ನಡಿಯೂ ಮಾತಿಲ್ಲ. ಸಪ್ಪಳ ಅಂತೂ ನಮ್ಮ ಎರಡು ಪವರ್‌ಲೂಮ್ ಕೂಡಿದಷ್ಟು, ನಮಗ ರೂಢಿ, ಆಜುಬಾಜುದವರಿಗೆ ಇಲ್ಲ. ಒಂದು ಸಲ ಮಾತಾಡಿಕೋತ ನಿಂತು ಬಂದ್ ಮಾಡೂದ ಮರತ್ವಿ. ಸೇಫ್ಟಿ ಡಿಸ್ಕ್ ಪಟಾಕ್ಷಿ ಹಾರಿದಂಗ ಹಾರ್ತು, ಎಲ್ಲಾರೂ ಹೊರಗ ಓಡಿದ್ವಿ. ಡಿಸ್ಕ್ ಒಡದದ್ದು ಒಳ್ಳೇದಾತು, ಅದು ಇರೂದ ಒಡೀಲಿ ಅಂತ. ಅವತ್ತಿನಿಂದ ಕಂಪ್ರೆಸರ್ ಹಚ್ಚಿದಾಗ ಒಬ್ಬ ಮೀಟರ್ ಬಿಟ್ಟು ಕಣ್ಣು ಎತ್ತಂಗಿಲ್ಲ.

ಐದು ಸಿಲಿಂಡರ್ ಇದ್ರ ತಗೋರಿ. ಒಂದಕ್ಕ ಅಂದ್ರ ಒಂದು ರೊಟ್ಟಿಗೆ ಗಿರಣಿ ಹಾಕಿದಂಗ.

ಸಪ್ತಾಪುರ_ಎಂಜಿನಿಯರ್:

ಸ್ಕೂಬಾದ ಲೆಕ್ಕ ನಾ ಹೇಳತೇನಿ, ಯಾಕಂದ್ರ ಒಂದು ವರ್ಷ ಅದನ್ನ ಮಾಡೇನಿ. ಲೆಕ್ಕ ಛಂದ ಅದ. 12 ಲೀಟರಿನ ಸಿಲಿಂಡರ್ 200 ಬಾರ್ ತುಂಬಿದ್ರ ಒಳಗ 2400 ಲೀಟರ್ ಗಾಳಿ. ನಿಮಗ ಒಮ್ಮೆ ಬೇಕಾದದ್ದು 20 ಲೀಟರ್. 120 ಸಲ ಆದೀತು ಅನ್ನಸ್ತದ, ಆಗೂದಿಲ್ಲ. ದೊಡ್ಡದರಾಗ ಎಷ್ಟು ಒತ್ತಡ ಅದನೋ ಸಣ್ಣದಕ್ಕ ಅಷ್ಟ ಬರೂದು. ಪ್ರತಿ ಸಲ ದೊಡ್ಡದು ಒಂದೂವರಿ ಬಾರ್ ಚಿಲ್ಲರೆ ಇಳೀತದ. ಮೂವತ್ತು-ನಲವತ್ತು ಸಲದಾಗ 150ಕ್ಕ ಬಂದು ನಿಲ್ತದ, ಒಳಗ ಇನ್ನೂ 1800 ಲೀಟರ್ ಇದ್ರೂ ನಿಮ್ಮ ಸಿಲಿಂಡರ್ 150 ದಾಟೂದಿಲ್ಲ. 300 ಬಾರಿಂದು ಸಿಕ್ಕರ ಬ್ಯಾರೆ ಮಾತು.

ಎರಡನೇದು, ತುಂಬಸೂದೆಲ್ಲಿ? ನೇತ್ರಾಣಿ ನಡುಗಡ್ಡಿಗೆ ಡೈವಿಂಗ್ ಕರಕೊಂಡು ಹೋಗೋರು ಮುರ್ಡೇಶ್ವರದಾಗ ಇದ್ದಾರ, ಇಲ್ಲಾ ಗೋವಾ. ನಾ ಆರು ತಿಂಗಳಿಗೊಮ್ಮೆ ಕಾರಿನ ಡಿಕ್ಕ್ಯಾಗ ಹಾಸಗಿ ಸುತ್ತಿ ಒಯ್ಯತಿದ್ದೆ, ಮನಿ ಮಂದಿಗೆ ದೇವರ ದರ್ಶನ ಆಗತಿತ್ತು. ಮಳಿಗಾಲದಾಗ ಸಮುದ್ರ ಬಂದ್, ಅವರೂ ಬಂದ್. ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ಗಟ್ಟಿ ಅದನೋ ನೋಡೂದು) ಬ್ಯಾರೆ, ಠಸ್ಸೆ ಇಲ್ಲದ್ದಕ್ಕ ತುಂಬಿ ಕೊಡೂದಿಲ್ಲ, ಕೊಡಲೂಬಾರದು. ಒಂದು ಸುಖ ಅಂದ್ರ ಅವರ ಗಾಳಿ ಒಣಾ ಇರ್ತದ, ಕಾಕಾ ಹೇಳಿದ ನೀರಿನ ಕಾಟ ಇಲ್ಲ.

ಮತ್ತ ಇಷ್ಟು ಹೇಳದ ಬಿಡೂದಿಲ್ಲ. ಯಾರರ ‘ದವಾಖಾನಿ ಸಿಲಿಂಡರ್ ಐತಿ, ಅದರಿಂದ ತುಂಬಿಕೊಡ್ತೀನಿ’ ಅಂದ್ರ ಕೈ ಮುಗದು ಬರ್ರಿ. ಕಪ್ಪು ಮೈ, ಬಿಳಿ ಕುತ್ತಿಗಿ ಅಂದ್ರ ಆಕ್ಸಿಜನ್. ಗ್ರೀಸ್ ಇರೂ ಜಾಗಕ್ಕ ಒತ್ತಡದ ಆಕ್ಸಿಜನ್ ಹೋದ್ರ ಬೆಂಕಿ ಹಚ್ಚಾಕ ಕಡ್ಡಿ ಬೇಕಾಗೂದಿಲ್ಲ.

ಹಾವೇರಿ_ಅಪ್ಪ:

ಕಾಕಾರ, ನಿಮ್ಮ ಮಾತು ಕೇಳಿ ಸಿಲಿಂಡರ್ ಬೆಳಕಿಗೆ ಹಿಡದೆ. ಒಂದು 2019. ಇನ್ನೊಂದು 2014! ಕೊಟ್ಟ ಹುಡುಗಗ ಫೋನ್ ಮಾಡಿದ್ರ ಅವಗೂ ಗೊತ್ತಿರಲಿಲ್ಲ. ಪಾಪ, ಅದರ ರೊಕ್ಕ ತಿರುಗಿ ಹಾಕಿದಾ. 2014ರದ್ದು ಗಾಳಿ ಪೂರಾ ಬಿಟ್ಟು ಕಪಾಟಿನ್ಯಾಗ ಇಟ್ಟೀನಿ.

ಮಗಳು ನಾಲ್ಕು ದಿನ ಬರದಾಳ. ಸ್ಪರ್ಧಾದಾಗ 75 ನಿಮಿಷಕ್ಕ 60 ಗುಂಡು, ಅದಕ್ಕ ಮೊದಲ ಗುರಿ ಕೂಡಸೂವು ಬ್ಯಾರೆ. ಮನಿಯಾಗ ಎಲ್ಲಾ ಕೂಡಿ ದಿನಕ್ಕ ನೂರು. ನೂರಕ್ಕ ಹೆಚ್ಚುಕಡಿಮಿ 50 ಬಾರ್ ಇಳೀತೈತಿ.

ವರ್ಕ್‌ಶಾಪ್_ಕಾಕಾ:

ಹಂಗಾದ್ರ ಮುಗೀತು. 50 ಬಾರ್ ಅಂದ್ರ ಅರವತ್ತು-ಅರವತ್ತೈದು ಒತ್ತು, ವಾರಕ್ಕ ಮೂರು ಸಲ. ಅದಕ್ಕ ಮೂವತ್ತು ಸಾವಿರದ ಮಶೀನ್ ಯಾಕ? ಕೈಪಂಪು ತಗೋರಿ, ಉಳದ ದುಡ್ಡಿನ್ಯಾಗ ಹೊಸಾ ಸಿಲಿಂಡರಿಗೆ ಕೂಡಿ ಹಾಕ್ರಿ. 150ರ ಕೆಳಗ ಬಿಡೂಕಿಂತ ಮೊದಲ ದಿನಾ ಸ್ವಲ್ಪ ಸ್ವಲ್ಪ ಏರಸ್ರಿ. ಜೋಡಸೂ ಬಾಯಿ ಸ್ವಚ್ಛ ಅರಿವ್ಯಾಗ ಒರಸ್ರಿ, ನಿಮ್ಮದು ಗೊಬ್ಬರದ ಗೋದಾಮು, ಯೂರಿಯಾದ ಧೂಳು ನೀರು ಹೀರತೈತಿ. ಪಂಪು ಮಾಳಿಗಿ ಮ್ಯಾಲೆ ಇಡಬ್ಯಾಡ್ರಿ, ಮನಿಯಾಗ ಇಡ್ರಿ.

ಪ್ಯಾರಿಸ್ಸಿನ್ಯಾಗ 2024ರಾಗ 50 ಮೀಟರಿಗೆ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ರೈಲ್ವೆದಾಂವ, ಕೊಲ್ಹಾಪುರದ ಕಡಿಯಾಂವ. ಅದು ಗಾಳಿ ಬಂದೂಕಲ್ಲ, ಖರೆ. ಆದರೂ ಹೇಳಬೇಕನ್ನಸ್ತು.

ಹಾವೇರಿ_ಅಪ್ಪ:

ಪಂಪು ಬಂತ್ರಿ. ನಿನ್ನೆ ರಾತ್ರಿ ಅಂಗಡಿ ಬಂದ್ ಮಾಡಿ ಬಂದು ಕೂತು ಒತ್ತಿದೆ. ಮೊದಲ ಮೂವತ್ತು ಮಸ್ತ್ ಹೋದ್ವು. ಆಮ್ಯಾಲೆ ನೀವು ಹೇಳಿದ್ದು ನೆನಪಾತು, ಮೊಣಕೈ ಸೆಟದು ಹೊಟ್ಟಿ ಭಾರ ಬಿಟ್ಟೆ. ಈ ಹೊಟ್ಟಿ ಒಂದಿನಾ ಉಪಯೋಗಕ್ಕ ಬಂದೀತು ಅಂದುಕೊಂಡಿರಲಿಲ್ಲ, ಮಗಳು ಬಾಜೂ ನಿಂತು ಎಣಿಸಿಕೋತ ನಕ್ಕದ್ದ ನಕ್ಕದ್ದು. 68ಕ್ಕ ಮೀಟರ್ 200. ಪಂಪಿನ್ಯಾಗ ಉಳದ ಗಾಳಿ ಬಿಡೂ ಬ್ಲೀಡ್ ಸ್ಕ್ರೂ ಬಿಚ್ಚಿದ್ರ ಭುಸ್ ಅಂತು, ಅಂಗೈ ಹಿಡದೆ, ಸಣ್ಣಗ ತೇವ ಹತ್ತಿತ್ತು.

ವರ್ಕ್‌ಶಾಪ್_ಕಾಕಾ:

ನಡುವ ನಿಂತು ಆರಿಸಿದ್ರೋ, ಒಂದ ಉಸರಿಗೆ ಹೊಡದ್ರೋ?

ಹಾವೇರಿ_ಅಪ್ಪ:

ಒಂದ ಉಸರಿಗೆ ಕಾಕಾ 🙏 ಮುಂಜಾನೆ ಎದ್ದು ನೋಡಿದ್ರ 188.

ವರ್ಕ್‌ಶಾಪ್_ಕಾಕಾ:

ಸೋರಿಲ್ಲ. ಚಾ ಕುಡದು ಇನ್ನೊಂದು ಹದಿನೈದು ಒತ್ರಿ.