ವ್ಯಾಗನ್ ಆರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಓಡ್ತಿದೆ, ಹೊಗೆ ಟೆಸ್ಟ್ ಫೇಲ್. ಆಕ್ಸಿಜನ್ ಸೆನ್ಸರ್ ಬದಲಿಸಲಾ?

ವಿದ್ಯಾಗಿರಿ ಟೀಚರ್ (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ನನ್ನದು 2018ರ ವ್ಯಾಗನ್ ಆರ್, 1.0 ಪೆಟ್ರೋಲ್, ಬಿಎಸ್4. ದಿನಾ ಹಳ್ಳಿ ಶಾಲೆಗೆ ಇದರಲ್ಲೇ ಹೋಗಿಬರುತ್ತೇನೆ. ಈ ತಿಂಗಳು ಇನ್ಶೂರೆನ್ಸ್ ಮುಗಿಯುತ್ತದೆ. ಅದಕ್ಕೆ ಮೊದಲೇ ಹೊಗೆ ತಪಾಸಣೆ ಮಾಡಿಸೋಣ ಅಂತ ಹೋದರೆ ಫೇಲ್ ಅಂದರು.

ಚೀಟಿಯಲ್ಲಿರುವುದು ಇಷ್ಟು. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಸಿಒ (ಕಾರ್ಬನ್ ಮಾನಾಕ್ಸೈಡ್) 0.06, ಎಚ್‌ಸಿ (ಸುಡದ ಪೆಟ್ರೋಲ್) 140. 2500 ಆರ್‌ಪಿಎಂನಲ್ಲಿ ಸಿಒ 0.04, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ) 1.09. ಹೊಗೆ ಇಷ್ಟು ಕಡಿಮೆ ಇದ್ದರೂ ಫೇಲ್ ಯಾಕೆ ಅಂತ ನನಗೆ ತಿಳಿಯಲಿಲ್ಲ.

ಚೆಕ್ ಎಂಜಿನ್ ಲೈಟ್ ಕೂಡ ಹತ್ತಿದೆ. ಕೋಡ್ ಪಿ0171, ಅಂದರೆ ಮಿಶ್ರಣ ಲೀನ್ ಅಂತೆ. ಗದ್ದನಕೇರಿ ಕ್ರಾಸ್ ದಾಟಿ ಸ್ಪೀಡ್ ಹಿಡಿದರೆ, ಅದರಲ್ಲೂ ಎಸಿ ಹಾಕಿದ್ದರೆ, ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ. ಸ್ಲೋ ಓಡಿಸಿದರೆ ಏನೂ ಇಲ್ಲ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವುದು) ಹೋಗಿದೆ, ಬದಲಿಸಿ ಅಂದರು. ಬದಲಿಸಲಾ?

ಕಬ್ಬಿನ ಹೊಲ (ಮುಧೋಳ):

ಅಕ್ಕೋರೆ, ಇದು ಇ20 (20 ಪರ್ಸೆಂಟ್ ಎಥೆನಾಲ್ ಬೆರೆಸಿದ) ಪೆಟ್ರೋಲಿನ ಕೆಲಸ ಇರಬೇಕು. ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಎಥೆನಾಲ್ ಅದಕ್ಕೇ ತಾನೆ ಹೋಗೋದು. ಎಥೆನಾಲ್‌ನಲ್ಲೇ ಆಮ್ಲಜನಕ ಇದೆ, ಹಾಗಾಗಿ ಲೀನ್ ತೋರಿಸುತ್ತದೆ. ಗಾಡಿಗೆ ಏನೂ ಆಗಿರಲಿಕ್ಕಿಲ್ಲ.

ಉದ್ಯಮಬಾಗ ಇಂಜೆಕ್ಟರ್ (ಬೆಳಗಾವಿ):

ಅಕ್ಕೋರೆ, ಸೆನ್ಸರ್‌ಗೆ ದುಡ್ಡು ಕೊಡಬೇಡಿ. ತಪಾಸಣೆ ಕೇಂದ್ರದ ಮಷಿನ್‌ಗೂ ನಿಮ್ಮ ಕಾರಿನ ಸೆನ್ಸರ್‌ಗೂ ಸಂಬಂಧವೇ ಇಲ್ಲ. ಅದು ಸೈಲೆನ್ಸರ್ ಕೊನೆಯಿಂದ ಗ್ಯಾಸ್ ಎಳೆದುಕೊಂಡು ತಾನೇ ಲೆಕ್ಕ ಹಾಕುತ್ತದೆ. ಕಾರಿನ ಸೆನ್ಸರ್ ಲೀನ್ ಅನ್ನುತ್ತಿದೆ, ಆ ಮಷಿನ್ನೂ ಲೀನ್ ಅನ್ನುತ್ತಿದೆ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ನಿಂತು ಒಂದೇ ಮಾತು ಹೇಳುವಾಗ, ಅದರಲ್ಲಿ ಒಬ್ಬನನ್ನು ಯಾಕೆ ಬದಲಿಸಬೇಕು?

ಫೇಲ್ ಆಗಿದ್ದು ಲ್ಯಾಂಬ್ಡಾದಿಂದ. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಸಿಒ 0.3, ಎಚ್‌ಸಿ 200 ಮೀರಬಾರದು. ಅದು ಪಾಸ್. ಆದರೆ 2500ರಲ್ಲಿ ಲ್ಯಾಂಬ್ಡಾ 0.97ರಿಂದ 1.03ರ ಒಳಗೇ ಇರಬೇಕು. ನಿಮ್ಮದು 1.09, ಅಂದರೆ ಬೇಕಾದ್ದಕ್ಕಿಂತ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ಇದನ್ನು ಹಾಗೇ ಬಿಟ್ಟು ಓಡಿಸಬೇಡಿ. ಲೀನ್ ಆಗಿ ಮಿಸ್‌ಫೈರ್ ಆದರೆ ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಸುಡುತ್ತದೆ. ಕನ್ವರ್ಟರ್ ಕರಗಿದರೆ ಖರ್ಚು ಸೆನ್ಸರ್‌ಗಿಂತ ಎಷ್ಟೋ ಜಾಸ್ತಿ.

ಮುಧೋಳದ ಅಣ್ಣ ಹೇಳಿದ್ದು ಸ್ವಲ್ಪ ನಿಜ. ಬರೀ ಪೆಟ್ರೋಲ್ ಸುಡಲು ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಇ10ರಿಂದ ಇ20ಗೆ ಬಂದರೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ನಾಲ್ಕೈದು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಬಿಡಬೇಕಾಗಬಹುದು. ಅಷ್ಟನ್ನು ಅದು ಆರಾಮಾಗಿ ಸರಿದೂಗಿಸುತ್ತದೆ. ಟೆಸ್ಟ್ ಫೇಲ್ ಆಗುವಷ್ಟು ಲೀನ್ ಬರೀ ಅದರಿಂದ ಆಗಲ್ಲ.

ಯಾರ ಹತ್ತಿರವಾದರೂ ಬ್ಲೂಟೂತ್ ಓಬಿಡಿ ಅಡಾಪ್ಟರ್ (ಇಸಿಯು ರೀಡಿಂಗ್ ಮೊಬೈಲ್‌ನಲ್ಲಿ ತೋರಿಸುವುದು) ಇದ್ದರೆ ತಂದು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಲಾಂಗ್ ಟರ್ಮ್ (ಇಸಿಯು ಕಲಿತು ಇಟ್ಟುಕೊಂಡದ್ದು), ಶಾರ್ಟ್ ಟರ್ಮ್ (ಆ ಕ್ಷಣದ್ದು) ಎರಡೂ. ಒಮ್ಮೆ ಐಡಲ್‌ನಲ್ಲಿ, ಒಮ್ಮೆ 2500ರಲ್ಲಿ. ಐಡಲ್ ಆರ್‌ಪಿಎಂ ಎಷ್ಟು ಅಂತಲೂ ಬರೆಯಿರಿ.

ವಿದ್ಯಾಗಿರಿ ಟೀಚರ್:

ಸರ್, ನಮ್ಮ ಶಾಲೆಯ ಪಿಟಿ ಮಾಸ್ತರರ ಹತ್ತಿರ ಅಡಾಪ್ಟರ್ ಇತ್ತು. ಐಡಲ್‌ನಲ್ಲಿ ಲಾಂಗ್ ಟರ್ಮ್ +9. 2500ರಲ್ಲಿ +24, ಶಾರ್ಟ್ ಟರ್ಮ್ ಕೂಡ ಪ್ಲಸ್‌ನಲ್ಲೇ ಇದೆ. ಐಡಲ್ 800ರ ಆಸುಪಾಸು, ಏರಿಳಿತ ಇಲ್ಲ.

ಉದ್ಯಮಬಾಗ ಇಂಜೆಕ್ಟರ್:

ಒಳ್ಳೆಯ ರೀಡಿಂಗ್ ಕೊಟ್ಟಿರಿ. ಅರ್ಧ ಕೆಲಸ ಮುಗಿಯಿತು.

ಎಲ್ಲೋ ಪೈಪ್ ಒಡೆದು ಗಾಳಿ ಒಳಗೆ ಹೋಗುತ್ತಿದ್ದರೆ ತೊಂದರೆ ಐಡಲ್‌ನಲ್ಲೇ ಜಾಸ್ತಿ ಕಾಣಬೇಕಿತ್ತು. ಈ ಕಾರಲ್ಲಿ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಇರುವುದರಿಂದ ಐಡಲ್ ಕೂಡ ಮೇಲೇರಬೇಕಿತ್ತು. ನಿಮ್ಮದು ಉಲ್ಟಾ ಇದೆ. ಎಂಜಿನ್ ಜಾಸ್ತಿ ಕೇಳಿದಷ್ಟೂ ಕೊರತೆ ಜಾಸ್ತಿ. ಇಸಿಯು ಕಾಲು ಭಾಗ ಜಾಸ್ತಿ ಬಿಟ್ಟರೂ ಸಾಲುತ್ತಿಲ್ಲ, ಅದಕ್ಕೇ ಮಷಿನ್‌ನಲ್ಲಿ 1.09 ಬಂತು. ಟ್ರಿಮ್ ಸೊನ್ನೆಯ ಹತ್ತಿರ ಇದ್ದು ಲ್ಯಾಂಬ್ಡಾ ಮಾತ್ರ ಮೇಲಿದ್ದಿದ್ದರೆ, ಸೈಲೆನ್ಸರ್ ಪೈಪ್ ತೂತಾಗಿ ಹೊರಗಿನ ಗಾಳಿ ಸೇರುತ್ತಿದೆ ಅನ್ನುತ್ತಿದ್ದೆ.

ನನ್ನ ಅನುಮಾನ ಟ್ಯಾಂಕ್ ಒಳಗಿನ ಪಂಪ್ ಮೇಲೆ, ಅದರಲ್ಲೂ ಪೆಟ್ರೋಲ್ ಸೋಸುವ ಬುಡದ ಜಾಳಿಗೆ ಮೇಲೆ. ಫ್ಯೂಯಲ್ ಲೈನ್‌ಗೆ ಪ್ರೆಷರ್ ಗೇಜ್ ಹಾಕಿಸಿ. ಸುಮಾರು 3 ಬಾರ್ ಇರಬೇಕು, ಆಕ್ಸಿಲರೇಟರ್ ಒತ್ತಿದರೂ ಬೀಳಬಾರದು. ಲೈನ್ ಬಿಚ್ಚುವ ಮೊದಲು ಪಂಪ್‌ನ ಫ್ಯೂಸ್ ತೆಗೆದು ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಲಿ. ಆಮೇಲೆ ಬ್ಯಾಟರಿ ಮೈನಸ್ ಕಳಚಲಿ. ಇದನ್ನು ನೀವೇ ನಿಂತು ಹೇಳಿ ಮಾಡಿಸಿ ರೀ, ಪೆಟ್ರೋಲ್ ಚಿಮ್ಮಿದರೆ ಅಪಾಯ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇರುವಾಗ ಹೋಗಿ, ಕೆಲಸ ಸುಲಭ.

ಕಬ್ಬಿನ ಹೊಲ:

ಸರ್, ಹಾಗಾದರೆ ಪೆಟ್ರೋಲಿಗೆ ಹಾಕುವ ಕ್ಲೀನರ್ ಬಾಟಲಿ ಸಾಕಲ್ವಾ?

ಉದ್ಯಮಬಾಗ ಇಂಜೆಕ್ಟರ್:

ಅದು ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಕಲೆಗೆ ಸ್ವಲ್ಪ ಉಪಯೋಗ ಆಗಬಹುದು ಅಣ್ಣ. ಜಾಳಿಗೆಗೆ ಕಟ್ಟಿದ ಕೆಸರು ಅದರಿಂದ ಹೋಗಲ್ಲ.

ವಿದ್ಯಾಗಿರಿ ಟೀಚರ್:

ಸರ್, ಬೇರೆ ಗ್ಯಾರೇಜಿನಲ್ಲಿ ಗೇಜ್ ಹಾಕಿಸಿದೆ. ಐಡಲ್‌ನಲ್ಲಿ 2.6, 2500ಕ್ಕೆ ಏರಿಸಿದರೆ 2ಕ್ಕಿಂತ ಕೆಳಗೆ. ಪಂಪ್ ಹೊರಗೆ ತೆಗೆದಾಗ ಜಾಳಿಗೆ ಪೂರ್ತಿ ಕಂದು ಬಣ್ಣದ ಲೋಳೆ. ಜಾಳಿಗೆ ಹೊಸದು ಹಾಕಿ, ಟ್ಯಾಂಕ್ ತೊಳೆದರು. ಪಂಪ್ ಚೆನ್ನಾಗಿದೆ, ಅದೇ ಇರಲಿ ಅಂದರು. ಈಗ 3 ಬಾರ್ ಗಟ್ಟಿಯಾಗಿ ನಿಲ್ಲುತ್ತದೆ. ಟ್ರಿಮ್ ಐಡಲ್‌ನಲ್ಲಿ +4, 2500ರಲ್ಲಿ +5. ಜಗ್ಗುವುದೂ ನಿಂತಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಇನ್ನು ನೇರ ಟೆಸ್ಟ್‌ಗೆ ಹೋಗಲಾ?

ಉದ್ಯಮಬಾಗ ಇಂಜೆಕ್ಟರ್:

ಭಾಳ ಸಂತೋಷ ಅಕ್ಕೋರೆ. ಕೋಡ್ ಅಳಿಸಿ ಎರಡು ಮೂರು ದಿನ ಶಾಲೆಗೆ ಓಡಾಡಿ. ಲೈಟ್ ಮತ್ತೆ ಹತ್ತದಿದ್ದರೆ ಹೋಗಿ. ಹೋಗುವಾಗ ಅರ್ಧ ಗಂಟೆ ಹೈವೇ ಮೇಲೆ ಓಡಿಸಿ, ಕನ್ವರ್ಟರ್ ಬಿಸಿ ಇರುವಾಗಲೇ ಟೆಸ್ಟ್ ಮಾಡಿಸಿ. ಸಾಲು ಉದ್ದ ಇದ್ದರೆ ಎಂಜಿನ್ ಬಂದ್ ಮಾಡಬೇಡಿ. ಮಷಿನ್‌ನ ಕೊಳವೆ ಸೈಲೆನ್ಸರ್ ಒಳಗೆ ಪೂರ್ತಿ ಹೋಗಿದೆಯಾ ಅಂತ ಕಣ್ಣಾರೆ ನೋಡಿ, ಬಾಯಲ್ಲೇ ಇಟ್ಟರೆ ಹೊರಗಿನ ಗಾಳಿ ಸೇರಿ ಲ್ಯಾಂಬ್ಡಾ ಸುಮ್ನೆ ಮೇಲೆ ತೋರಿಸುತ್ತದೆ. ಬಿಎಸ್4 ಆದ್ದರಿಂದ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಕೊಡಬೇಕು, ಆರು ತಿಂಗಳು ಅಂತ ಬರೆದಿದ್ದರೆ ಅಲ್ಲೇ ಕೇಳಿ. ಮುಂದಿನ ಫುಲ್ ಟ್ಯಾಂಕ್ ಆದ ಮೇಲೆ ಟ್ರಿಮ್ ಇನ್ನೊಮ್ಮೆ ನೋಡಿ ಇಲ್ಲಿ ಹಾಕಿ. 10 ದಾಟಿದ್ದರೆ ಇಂಜೆಕ್ಟರ್ ಕಡೆ ನೋಡೋಣ.