ಪದಚರ್ಚೆ: ಕಾಫಿ ತೋಟಕ್ಕೆ ‘ಹಕ್ಕಲು’ ಒಗ್ಗುತ್ತದೆಯೇ?

ಪ್ರಶ್ನೆ

ಬಲ್ಲವರಲ್ಲಿ ಒಂದು ವಿಚಾರಣೆ. ಕೊಡಗಿನ ಕ್ರೈಸ್ತ ಸಭೆಯೊಂದರ ಸುಗ್ಗಿ ಆರಾಧನೆಗೆ ಕಿರುಹೊತ್ತಗೆ ಸಿದ್ಧವಾಗುತ್ತಿದೆ. ಹೊಲದ ಮೂಲೆಮೂಲೆಯನ್ನೂ ಕೊಯ್ಯಬೇಡಿ, ಹಕ್ಕಲು (ಕೊಯ್ದಾದ ಮೇಲೆ ಉಳಿದ ತೆನೆ) ಆಯಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎನ್ನುವ ಬೈಬಲಿನ ಯಾಜಕಕಾಂಡ 19:9–10 ಅದರಲ್ಲಿ ಬರುತ್ತದೆ. ಓದುವವರು ಹೆಚ್ಚಾಗಿ ಕಾಫಿ ತೋಟದವರು, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಯವರು. ‘ಹಕ್ಕಲು’ ಅವರಿಗೆ ತಿಳಿದೀತೇ? ತೋಟದಲ್ಲಿ ಹಣ್ಣು ಉಳಿಸಿದರೆ ಕಾಯಿಕೊರಕ ಎಂಬ ಕೀಟ ಹೆಚ್ಚುತ್ತದೆ. ಹೀಗಿರುವಾಗ ‘ಸೃಷ್ಟಿಯ ಪಾಲನೆ’ ಎಂಬ ತಲೆಬರಹದಡಿ ಈ ವಚನ ಹಾಕುವುದು ಸರಿಯೇ? ‘ಪರದೇಶಿ’ಗೆ ಬದಲಿ ಪದ ಉಂಟೇ?

ಉತ್ತರ 1

‘ಹಕ್ಕಲು’ ಬಿಡಬೇಡಿ. ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ, ಉದುರಿದ ತೆನೆಗೆ ಇಷ್ಟು ಚಿಕ್ಕ ಪದ ಮತ್ತೊಂದಿಲ್ಲ. ಬೈಬಲಿನ ರೂತಳು ಬೋವಜನ ಹೊಲದಲ್ಲಿ ಆಯ್ದದ್ದೂ ಇದನ್ನೇ. ಕುಂದಾಪುರದ ಕಡೆಯವರಿಗೆ ‘ಹಾಡಿ ಹಕ್ಕಲು’ ಎಂದರೆ ಕುರುಚಲು ಬಯಲು. ಅಂಥವರೂ ಓದುವುದಾದರೆ ಮೊದಲ ಸಲ ‘ಕೊಯ್ದು ಉಳಿದ ಹಕ್ಕಲು’ ಎಂದು ಬರೆದರೆ ಸಾಕು. ‘ಹಕ್ಕಲು ಬಡವರ ಹಕ್ಕು’ ಎಂಬ ಪ್ರಾಸ ಪ್ರಸಂಗಕ್ಕೆ ಚೆಂದ, ಆದರೆ ‘ಹಕ್ಕು’ ಅರಬ್ಬಿಯಿಂದ ಬಂದದ್ದು, ನಂಟು ಕಟ್ಟಬೇಡಿ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಕದಿರಿನೊಡನೆಯೂ ಬೆರೆಸಬಾರದು. ಅದು ಮೊದಲ ಪೈರು, ಪ್ರಥಮಫಲಕ್ಕೆ ಹತ್ತಿರ. ಹಕ್ಕಲು ಕಟ್ಟಕಡೆಯದು.

‘ಪರದೇಶಿ’ ನಿಜಕ್ಕೂ ತೊಡಕಿನದು. ಆಡುಮಾತಿನಲ್ಲಿ ಅದು ‘ದಿಕ್ಕಿಲ್ಲದವ’ ಎಂಬ ಬೈಗುಳ. ಮೂಲದ ಹೀಬ್ರೂ ‘ಗೇರ್’ ಅಂದರೆ ಹೊರಗಿನಿಂದ ಬಂದು ನಮ್ಮ ನಡುವೆಯೇ ನೆಲೆಸಿದವ. ಪೂರಾ ಅನ್ಯದೇಶದವನಿಗೆ ‘ನೊಖ್ರಿ’ ಎಂಬ ಬೇರೆ ಪದವಿದೆ. ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದು ಲೈನ್‌ಮನೆಯಲ್ಲಿರುವವರೂ ಕೇಳುವ ಆರಾಧನೆಯಲ್ಲಿ ‘ನಿಮ್ಮಲ್ಲಿ ಬಂದು ನೆಲೆಸಿದವರು’ ಎನ್ನಿ. ಉದ್ದವಾದರೂ ಅರ್ಥ ಕೆಡುವುದಿಲ್ಲ. ‘ವಲಸಿಗ’ ಸರ್ಕಾರಿ ಕಡತದ ಪದ.

ಉತ್ತರ 2

ಕಾಯಿಕೊರಕದ ಬಗ್ಗೆ. ತೋಟದ ಬೆಳೆಗೆ ಯಾಜಕಕಾಂಡದ ಜೊತೆಗೆ ಧರ್ಮೋಪದೇಶಕಾಂಡ 24:20 ನೋಡಬೇಕು. ಎಣ್ಣೆಮರದ (ಆಲಿವ್) ಕಾಯಿ ಬಡಿದ ಮೇಲೆ ಮತ್ತೆ ಕೊಂಬೆ ತಡಕಬೇಡ, ಉಳಿದದ್ದು ಪರದೇಶಿ, ಅನಾಥ, ವಿಧವೆಯರದು ಎಂದಲ್ಲಿದೆ. ಮಾಲೀಕ ಎರಡನೇ ಸುತ್ತು ಹೋಗಬಾರದು ಎಂದೇ ಹೊರತು ಕಾಯಿ ಮರದಲ್ಲೇ ಕೊಳೆಯಲಿ ಎಂದಲ್ಲ. ಯೆಹೂದಿ ಸಂಪ್ರದಾಯ ಇದಕ್ಕೆ ಅಳತೆಯನ್ನೂ ಕಟ್ಟಿತ್ತು: ಮೂಲೆಗೆ ಬಿಡುವುದು ಬೆಳೆಯ 60ರಲ್ಲಿ 1 ಪಾಲಿಗಿಂತ ಕಡಿಮೆ ಇರಬಾರದು, ಕೊಯ್ಯುವಾಗ ಒಂದೋ ಎರಡೋ ತೆನೆ ಬಿದ್ದರೆ ಹಕ್ಕಲು, ಮೂರು ಬಿದ್ದರೆ ಒಡೆಯನದು.

ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಹೆಣ್ಣು ದುಂಬಿ ಹಣ್ಣಿನ ಹೊಕ್ಕುಳಲ್ಲಿ ತೂತು ಕೊರೆದು ಬೀಜದೊಳಗೆ ಮೊಟ್ಟೆಯಿಡುತ್ತದೆ. ಗಿಡದಲ್ಲೋ ನೆಲದಲ್ಲೋ ಉಳಿದ ಹಣ್ಣಿನಲ್ಲಿ ಮುಂದಿನ ಫಸಲಿನವರೆಗೂ ಕಾದಿರುತ್ತದೆ. ಹಾಗಾಗಿ ಕೊಯ್ಯುವಾಗಲೇ ಬುಡಕ್ಕೆ ಟಾರ್ಪಾಲು ಹಾಸಬೇಕು; ಉದುರು ಹಣ್ಣನ್ನು ಗಿಡ ಹೂಬಿಡಿಸುವ ಹೂಮಳೆಗೆ ಮೊದಲೇ ಆರಿಸಬೇಕು. ತೂತುಬಿದ್ದದ್ದನ್ನು ಕುದಿಯುವ ನೀರಿನಲ್ಲಿ 2–3 ನಿಮಿಷ ಅದ್ದಿ ಒಣಗಿಸಬೇಕು. ರೊಬಸ್ಟಾ ಚೆರಿಯ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ತೇವಾಂಶ 11%ಕ್ಕೆ ಇಳಿಯದಿದ್ದರೆ ಚೀಲದೊಳಗೂ ಹುಳು ಬದುಕುತ್ತದೆ.

ಅಂದರೆ ವಚನವೂ ತೋಟವೂ ಜಗಳವಾಡುವುದಿಲ್ಲ: ಹಕ್ಕಲು ಆಯಲೇಬೇಕು, ಆಯ್ದದ್ದು ಆಯ್ದವರದು. ಕೆಡುವುದು ಬೇರೆ ಕಡೆ. ಹಣ್ಣು ವಿರಳವಾದ್ದರಿಂದ ಕಿಲೋ ಲೆಕ್ಕದಲ್ಲಿ ಕೂಲಿ ಹುಟ್ಟುವುದಿಲ್ಲ, ಅರ್ಧ ತೋಟಕ್ಕೇ ಕೆಲಸ ನಿಲ್ಲುತ್ತದೆ. ದಿನಗೂಲಿ ಕೊಟ್ಟು, ಹಣ್ಣನ್ನು ಅದರ ಮೇಲೆ ಹೆಚ್ಚುವರಿಯಾಗಿ ಬಿಡಬೇಕು. ಹಣ್ಣನ್ನೇ ಕೂಲಿಗೆ ಮುರಿದುಕೊಂಡರೆ ಅದು ಹಕ್ಕಲಲ್ಲ, ಬರೀ ಲೆಕ್ಕ. ಕಾಫಿ ಕಳವು ನಡೆಯುವ ಊರುಗಳಲ್ಲಿ ಕೂಲಿಯವರು ಅರ್ಧ ಚೀಲ ಮಾರಲು ಹೋದರೆ ಅನುಮಾನ ಅವರ ಮೇಲೆಯೇ. ಆದ್ದರಿಂದ ತೂಕ, ತಾರೀಖು ಬರೆದ ಚೀಟಿ ಕೈಗೆ ಕೊಡಬೇಕು.

ಹೊತ್ತಗೆಗೆ ಹೀಗೆ ಬರೆಯಬಹುದು: ‘ಗದ್ದೆಯಲ್ಲಿ ಹಕ್ಕಲು ಬಿಡಿ; ತೋಟದಲ್ಲಿ ಹಕ್ಕಲು ಆಯಿಸಿ, ಆಯ್ದವರಿಗೇ ಬಿಡಿ.’ ಆಗ ‘ಸೃಷ್ಟಿಯ ಪಾಲನೆ’ ಎಂಬ ತಲೆಬರಹವೂ ಒಪ್ಪುತ್ತದೆ.